ಕ್ರಿಸ್‌ಮಸ್ ಸಂಜೆಗೆ ಮನೆಯಲ್ಲೇ ಹಾಟ್ ಚಾಕೊಲೇಟ್ ಕೌಂಟರ್: ಹಾಲು ಬೇರೆ, ಗೊಜ್ಜು ಬೇರೆ

ಡಿಸೆಂಬರ್ 24ರ ಸಂಜೆ ಮನೆಗೆ ಬರುವವರು ಒಂದೇ ಹೊತ್ತಿಗೆ ಬರುವುದಿಲ್ಲ. ಏಳು ಗಂಟೆಗೆ ಅಕ್ಕಪಕ್ಕದವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಎಂಟೂವರೆಗೆ ಸ್ನೇಹಿತರು, ಆಮೇಲೆ ಚರ್ಚಿನಲ್ಲಿ ರಾತ್ರಿಯ ಬಲಿಪೂಜೆ ಮುಗಿಸಿಕೊಂಡು ನೆಂಟರು. ಹೀಗೆ ಮೂರು ನಾಲ್ಕು ಗಂಟೆ ಎಳೆಯುವ ಸಂಜೆಗೆ ದೊಡ್ಡ ಪಾತ್ರೆಯಲ್ಲಿ ಹಾಟ್ ಚಾಕೊಲೇಟ್ ಕಲಸಿ ಒಲೆಯ ಮೇಲಿಟ್ಟರೆ ಮೊದಲ ಅರ್ಧ ಗಂಟೆ ಮಾತ್ರ ಅದು ಚೆನ್ನಾಗಿರುತ್ತದೆ. ಆಮೇಲೆ ಮೇಲೆ ಕೆನೆ ಕಟ್ಟುತ್ತದೆ, ಕೋಕೋ ತಳಕ್ಕಿಳಿಯುತ್ತದೆ, ತಳ ಹಿಡಿದ ವಾಸನೆ ಇಡೀ ಪಾತ್ರೆಗೆ ಹರಡುತ್ತದೆ. ಕೋಕೋ ಪುಡಿ ಸಕ್ಕರೆಯಂತೆ ಕರಗುವುದಿಲ್ಲ. ಹಾಲಿನಲ್ಲಿ ತೇಲುತ್ತಿರುತ್ತದೆ ಅಷ್ಟೆ. ಕೈಯಾಡಿಸುವುದು ನಿಂತ ಕೂಡಲೇ ಕೆಳಗೆ ಕೂರಲು ಶುರುಮಾಡುತ್ತದೆ. ಕೂತ ಕೋಕೋ ಬಿಸಿ ತಳಕ್ಕೆ ಅಂಟಿದರೆ ಸೀಯುವುದು ಇನ್ನೂ ಬೇಗ.

ಅದಕ್ಕೇ ನಮ್ಮ ಕೌಂಟರಿನಲ್ಲಿ ಹಾಲು ಬೇರೆ, ಚಾಕೊಲೇಟ್ ಬೇರೆ. ಎರಡು ಮೂರು ದಿನ ಮೊದಲೇ ಮಂದವಾದ ಚಾಕೊಲೇಟ್ ಗೊಜ್ಜು ಮಾಡಿ ಫ್ರಿಜ್‌ನಲ್ಲಿಡುತ್ತೇವೆ. ಆ ಸಂಜೆ ಮೇಜಿನ ಮೇಲೆ ಬರೀ ಬಿಸಿ ಹಾಲು, ಅದರ ಪಕ್ಕದಲ್ಲಿ ಬೆಚ್ಚಗಿನ ಗೊಜ್ಜು. ಎರಡೂ ಸೇರುವುದು ಕುಡಿಯುವವರ ಕಪ್ಪಿನಲ್ಲೇ. ಹೀಗೆ ಮಾಡಿದರೆ ಮಗುವಿಗೆ ಒಂದು ಚಮಚ, ಕಹಿ ಇಷ್ಟಪಡುವವರಿಗೆ ಮೂರು ಚಮಚ, ಹಸುವಿನ ಹಾಲು ಬೇಡವೆನ್ನುವವರಿಗೆ ಓಟ್ಸ್ ಹಾಲು, ಎಲ್ಲಕ್ಕೂ ಒಂದೇ ಏರ್ಪಾಡು ಸಾಕು. ಹನ್ನೊಂದು ಗಂಟೆಗೆ ಬಂದವರಿಗೂ ಏಳು ಗಂಟೆಯವರಿಗೆ ಸಿಕ್ಕ ರುಚಿಯೇ ಸಿಗುತ್ತದೆ.

ಹನ್ನೆರಡು ಕಪ್ಪಿಗೆ ಗೊಜ್ಜಿನ ಅಳತೆ ಇದು: ಕೋಕೋ ಪುಡಿ 60 ಗ್ರಾಂ, ಸಕ್ಕರೆ 120 ಗ್ರಾಂ, ನೀರು 200 ಮಿಲಿ, ಡಾರ್ಕ್ ಚಾಕೊಲೇಟ್ 150 ಗ್ರಾಂ, ಕಾಲು ಟೀ ಚಮಚ ಉಪ್ಪು. ಇದರಿಂದ ಸುಮಾರು 425 ಮಿಲಿ ಗೊಜ್ಜು ಬರುತ್ತದೆ. ಒಂದು ಕಪ್ಪಿಗೆ 125 ಮಿಲಿ ಹಾಲು, ಎರಡರಿಂದ ಎರಡೂವರೆ ಟೇಬಲ್ ಚಮಚ ಗೊಜ್ಜು. ಅಂದರೆ ಹನ್ನೆರಡು ಜನಕ್ಕೆ ಒಂದೂವರೆ ಲೀಟರ್ ಹಾಲು ಬೇಕು. ಮೇಲೆ ಕ್ರೀಮು, ಮಾರ್ಷ್‌ಮ್ಯಾಲೊ ಬೀಳುವುದರಿಂದ ಗೊಜ್ಜಿನಲ್ಲಿ ಸಿಹಿಯನ್ನು ಬೇಕೆಂದೇ ಸ್ವಲ್ಪ ಹಿಂದಿಟ್ಟಿದ್ದೇವೆ. ಬರೀ ಹಾಲು, ಗೊಜ್ಜು ಮಾತ್ರ ಕುಡಿಯುವವರು ಹೆಚ್ಚಿದ್ದರೆ ಸಕ್ಕರೆ 150 ಗ್ರಾಂ ಮಾಡಿಕೊಳ್ಳಬಹುದು.

ಮೊದಲು ಸಕ್ಕರೆ, ಕೋಕೋ, ಉಪ್ಪನ್ನು ಒಣಗಿದ್ದಾಗಲೇ ಪಾತ್ರೆಯಲ್ಲಿ ಚೆನ್ನಾಗಿ ಬೆರೆಸಬೇಕು. ಕೋಕೋದಲ್ಲಿ ಕೊಬ್ಬಿನಂಶ ಇರುವುದರಿಂದ ನೀರು ಅದನ್ನು ಸುಲಭಕ್ಕೆ ಹಿಡಿಯುವುದಿಲ್ಲ. ಪುಡಿ ಗುಂಪುಗಟ್ಟಿ, ಹೊರಗೆ ನೆಂದು ಒಳಗೆ ಒಣಗಿರುವ ಗಂಟುಗಳಾಗುತ್ತವೆ. ಸಕ್ಕರೆಯ ಹರಳು ನಡುವೆ ಬಂದರೆ ಪುಡಿ ಬಿಡಿಬಿಡಿಯಾಗುತ್ತದೆ. ಆಮೇಲೆ 200 ಮಿಲಿ ನೀರಿನಲ್ಲಿ ಕಾಲು ಭಾಗವನ್ನು ಮಾತ್ರ ಬಿಸಿ ಮಾಡಿ ಹಾಕಿ, ಅಂಬಲಿಗೆ ರಾಗಿಹಿಟ್ಟು ಕದಡುವ ಹಾಗೆ ನುಣ್ಣಗೆ ಕದಡಬೇಕು. ಗಂಟು ಒಡೆಯುವುದು ಮಂದವಾಗಿರುವಾಗಲೇ. ತೆಳ್ಳಗಾದ ಮೇಲೆ ವಿಸ್ಕ್ ಎಷ್ಟು ತಿರುಗಿಸಿದರೂ ಗಂಟು ಜಾರಿಕೊಂಡು ಓಡಾಡುತ್ತದೆಯೇ ಹೊರತು ಒಡೆಯುವುದಿಲ್ಲ.

ಉಳಿದ ನೀರು ಸೇರಿಸಿ ಮಧ್ಯಮ ಉರಿಯಲ್ಲಿಟ್ಟು ತಳ ಕೆದಕುತ್ತಾ ಕುದಿ ಬರಿಸಿ, ಕುದಿ ಬಂದ ಮೇಲೆ ಎರಡು ನಿಮಿಷ ಬಿಡಬೇಕು. ಈ ಎರಡು ನಿಮಿಷ ತಪ್ಪಿಸಬಾರದು. ಕೋಕೋದಲ್ಲಿರುವ ಪಿಷ್ಟ ಬಿಸಿಗೆ ಉಬ್ಬಿ ಗೊಜ್ಜಿಗೆ ಮೈ ಕೊಡುತ್ತದೆ, ಹಸಿ ಪುಡಿಯ ರುಚಿಯೂ ಹೋಗುತ್ತದೆ. ಬಿಸಿನೀರಿಗೆ ಪುಡಿ ಕದಡಿ ಅಲ್ಲಿಗೇ ನಿಲ್ಲಿಸಿದ ಹಾಟ್ ಚಾಕೊಲೇಟ್ ನಾಲಿಗೆಗೆ ಮರಳು ಮರಳಾಗಿ ಸಿಗುವುದು ಈ ಕುದಿ ಇಲ್ಲದೆ.

ಒಲೆ ಆರಿಸಿ ಎರಡು ನಿಮಿಷ ತಣಿಯಲು ಬಿಟ್ಟು, ಸಣ್ಣಗೆ ಹೆಚ್ಚಿದ ಚಾಕೊಲೇಟನ್ನು ಒಂದೇ ಸಲಕ್ಕೆ ಸುರಿಯಿರಿ. ಒಂದು ನಿಮಿಷ ಮುಟ್ಟಬೇಡಿ. ಆಮೇಲೆ ನಡುವಿನಿಂದ ಹೊರಕ್ಕೆ ಸುತ್ತುತ್ತಾ ಬನ್ನಿ. ಮೊದಲು ಕದಡಿದ ಹಾಗೆ ಕಾಣುತ್ತದೆ, ಕ್ಷಣದಲ್ಲಿ ಒಂದೇ ಬಣ್ಣಕ್ಕೆ ತಿರುಗಿ ಹೊಳೆಯಲು ಶುರುವಾಗುತ್ತದೆ. ಸೌಟಿನಿಂದ ಎತ್ತಿ ಬಿಟ್ಟರೆ ಎಳೆ ಕಡಿಯದೆ ಇಳಿದು, ಮೇಲ್ಮೈಯಲ್ಲಿ ಒಂದೆರಡು ಕ್ಷಣ ಗೆರೆಯಾಗಿ ನಿಂತು ಮರೆಯಾಗಬೇಕು. ಅದೇ ಹದ. ಹೊಳಪು ಹೋಗಿ ಬದಿಯಲ್ಲಿ ಎಣ್ಣೆ ಬಿಟ್ಟಂತೆ ಕಂಡರೆ ಬಿಸಿ ಹೆಚ್ಚಾಗಿ ಕೋಕೋ ಬೆಣ್ಣೆ ಬೇರ್ಪಟ್ಟಿದೆ ಎಂದರ್ಥ. ಎರಡು ಚಮಚ ಬಿಸಿನೀರು ಹಾಕಿ ಜೋರಾಗಿ ಕಡೆದರೆ ಮತ್ತೆ ಕೂಡಿಕೊಳ್ಳುತ್ತದೆ.

ಚಾಕೊಲೇಟನ್ನು ಬೇರೆಯಾಗಿ ಕರಗಿಸಿ ಸೇರಿಸುವ ಕ್ರಮ ನಮಗೆ ಒಪ್ಪಿಗೆಯಿಲ್ಲ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸುವಾಗ ಹಬೆಯ ಒಂದು ಹನಿ ಬಿದ್ದರೂ ಸಾಕು, ಅದರಲ್ಲಿರುವ ಸಕ್ಕರೆ ತೇವ ಹಿಡಿದು ಒಂದಕ್ಕೊಂದು ಅಂಟಿಕೊಂಡು ಇಡೀ ಚಾಕೊಲೇಟು ಗಟ್ಟಿ ಮುದ್ದೆಯಾಗುತ್ತದೆ. ವಿಚಿತ್ರವೆನಿಸಿದರೂ ಅದಕ್ಕೆ ಮದ್ದು ಇನ್ನಷ್ಟು ನೀರೇ: ಬಿಸಿನೀರನ್ನು ಚಮಚ ಚಮಚವಾಗಿ ಹಾಕುತ್ತಾ ಕಲಸಿದರೆ ಮುದ್ದೆ ಮತ್ತೆ ನುಣ್ಣಗಾಗುತ್ತದೆ. ಕೇಕಿನ ಮೇಲೆ ಹಚ್ಚಲು ಅದು ಬರುವುದಿಲ್ಲ, ಗೊಜ್ಜಿಗೆ ಧಾರಾಳವಾಗಿ ಬರುತ್ತದೆ. ಮೊದಲೇ ಸಾಕಷ್ಟು ನೀರಿರುವ ಪಾಕಕ್ಕೆ ಚಾಕೊಲೇಟ್ ಹಾಕುವ ನಮ್ಮ ಕ್ರಮದಲ್ಲಿ ಈ ತಾಪತ್ರಯವೇ ಇಲ್ಲ.

ಯಾವ ಚಾಕೊಲೇಟ್ ಎಂಬುದು ಮುಖ್ಯ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ ಹಲಗೆಗಳು ಹೆಚ್ಚಿನಂಶ ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ. ಅಚ್ಚು ಹಾಕಲು, ಕೇಕ್ ಮುಚ್ಚಲು ಅದು ಅನುಕೂಲ. ಕುಡಿಯುವ ಪಾನೀಯದಲ್ಲಿ ಮಾತ್ರ ಅಂಗುಳಕ್ಕೆ ಮೇಣ ಮೆತ್ತಿದಂತಾಗುತ್ತದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ, ಅಂದರೆ ಬಾಯಿಯ ಬಿಸಿಗಿಂತ ಸ್ವಲ್ಪ ಕೆಳಗೇ ಕರಗಿಬಿಡುತ್ತದೆ. ಕಾಂಪೌಂಡಿನ ಕೊಬ್ಬು ಹಾಗೆ ಪೂರ್ತಿ ಕರಗದೆ ಉಳಿಯಬಹುದು. ಹೊದಿಕೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ: ಕೋಕೋ ಬಟರ್ ಇರಬೇಕು, ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಇರಬಾರದು. ಶೇ 55ರಿಂದ 60ರ ಡಾರ್ಕ್ ಚಾಕೊಲೇಟ್ ಈ ಅಳತೆಗೆ ಸರಿಹೊಂದುತ್ತದೆ. ಶೇ 70ರದ್ದಾದರೆ ಸಕ್ಕರೆ 20 ಗ್ರಾಂ ಜಾಸ್ತಿ ಮಾಡಿ. ಮಿಲ್ಕ್ ಚಾಕೊಲೇಟ್ ಹಾಕಿದರೆ ಸಿಹಿ ಮಾತ್ರ ಏರುತ್ತದೆ, ಚಾಕೊಲೇಟಿನ ರುಚಿ ಹಾಲಿನಲ್ಲಿ ಮುಳುಗಿಹೋಗುತ್ತದೆ.

ಕೋಕೋ ಪುಡಿಯಲ್ಲಿ ಎರಡು ಬಗೆ. ಸಹಜ ಕೋಕೋ ತಿಳಿ ಕಂದು, ಸ್ವಲ್ಪ ಹುಳಿ, ಚುರುಕು ರುಚಿ. ಕ್ಷಾರದಿಂದ ಹದಗೊಳಿಸಿದ್ದು, ಅಂದರೆ ಡಚ್ ಪ್ರೋಸೆಸ್ ಎಂದು ಬರೆದಿರುವುದು, ಕಡುಗಂದು, ಸೌಮ್ಯ, ನೀರಿಗೂ ಬೇಗ ಬೆರೆಯುತ್ತದೆ. ಗೊಜ್ಜಿಗೆ ಎರಡೂ ಆಗುತ್ತದೆ. ನಮ್ಮ ಆಯ್ಕೆ ಡಚ್ ಪ್ರೋಸೆಸ್, ಬಣ್ಣಕ್ಕಾಗಿ. ಡ್ರಿಂಕಿಂಗ್ ಚಾಕೊಲೇಟ್ ಎಂಬ ಹೆಸರಿನ ಡಬ್ಬಿಗಳಲ್ಲಿ ಬಹುಪಾಲು ಸಕ್ಕರೆ ಇರುವುದರಿಂದ ಈ ಅಳತೆಗೆ ಅವು ಹೊಂದುವುದಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೋ ಉಪಬೆಳೆಯಾಗಿ ಬೆಳೆಯುತ್ತದೆ, ಪುತ್ತೂರಿನಲ್ಲಿ ಅಡಿಕೆ, ಕೊಕ್ಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಊರ ಮಣ್ಣಿನಲ್ಲೇ ಬೆಳೆದ ಕಾಯಿಯಿಂದ ಬಂದದ್ದು ಹಬ್ಬದ ಮೇಜಿಗೆ ಬರುವುದು ಸಂತೋಷದ ವಿಷಯ, ಸಿಕ್ಕಿದರೆ ಬಿಡಬೇಡಿ.

ಗೊಜ್ಜನ್ನು ಆರಿಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಐದು ದಿನ ಕೆಡುವುದಿಲ್ಲ. ಹಾಲು ಹಾಕಿ ಮಾಡಿದ್ದರೆ ಅಷ್ಟು ಬಾಳಿಕೆ ಇರುತ್ತಿರಲಿಲ್ಲ, ನೀರಿನಲ್ಲೇ ಮಾಡುವುದಕ್ಕೆ ಇದೂ ಒಂದು ಕಾರಣ. ತಣ್ಣಗಾದಾಗ ಅದು ಚಮಚ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಗಾಬರಿ ಬೇಡ, ಕೋಕೋ ಬೆಣ್ಣೆ ಹೆಪ್ಪುಗಟ್ಟಿರುತ್ತದೆ ಅಷ್ಟೆ. ಬಡಿಸುವ ಒಂದು ಗಂಟೆ ಮುಂಚೆ ಹೊರಗೆ ತೆಗೆದು, ಅದರ ಚಳಿ ಬಿಟ್ಟ ಮೇಲೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಸುರಿಯುವ ಹದಕ್ಕೆ ಬರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಕುದಿಯುವ ನೀರಿಗೆ ನೇರ ಇಟ್ಟರೆ ಗಾಜು ಸೀಳುತ್ತದೆ.

ಗೊಜ್ಜು ಬೆಚ್ಚಗೇ ಇರಬೇಕೆಂದು ಹಟ ಹಿಡಿಯುವುದಕ್ಕೆ ಲೆಕ್ಕವಿದೆ. 72 ಡಿಗ್ರಿಯ 125 ಮಿಲಿ ಹಾಲಿಗೆ 45 ಡಿಗ್ರಿಯ ಗೊಜ್ಜು ಬೆರೆತರೆ ಕಪ್ಪಿನಲ್ಲಿ ಸುಮಾರು 65 ಡಿಗ್ರಿ ಉಳಿಯುತ್ತದೆ. ಅದೇ ಫ್ರಿಜ್‌ನಿಂದ ನೇರ ತೆಗೆದ ಗೊಜ್ಜಾದರೆ 57ರ ಆಸುಪಾಸಿಗೆ ಇಳಿಯುತ್ತದೆ. ತಣ್ಣಗಿನ ಪಿಂಗಾಣಿ ಕಪ್ಪು ಇನ್ನೊಂದಷ್ಟು ಬಿಸಿ ಹೀರುತ್ತದೆ, ಫ್ರಿಜ್‌ನ ಕ್ರೀಮು ಮತ್ತಷ್ಟು. ಕುಡಿಯುವವರ ತುಟಿಗೆ ಬರುವ ಹೊತ್ತಿಗೆ ಉಗುರುಬೆಚ್ಚಗಿನ ಚಾಕೊಲೇಟ್ ಹಾಲು! ಕಪ್ಪುಗಳಿಗೂ ಬಿಸಿನೀರು ತುಂಬಿ ಒಂದು ನಿಮಿಷ ಬಿಟ್ಟು ಚೆಲ್ಲಿ ಒರೆಸಿಟ್ಟರೆ ಒಳ್ಳೆಯದು. ಚಿಕ್ಕ ಮಕ್ಕಳಿಗೆ ಮಾತ್ರ ಲೆಕ್ಕ ಉಲ್ಟಾ. ಅವರ ಕಪ್ಪನ್ನು 50 ಡಿಗ್ರಿಗೆ ಇಳಿಸಿಯೇ ಕೈಗೆ ಕೊಡಬೇಕು. ಅದಕ್ಕೆ ಒಂದು ಚಿಕ್ಕ ಜಗ್ಗಿನಲ್ಲಿ ಕಾಯಿಸಿ ತಣಿಸಿದ ಹಾಲನ್ನು ಪಕ್ಕದಲ್ಲೇ ಇಡುತ್ತೇವೆ.

ಹಾಲಿನ ಕೊಬ್ಬೂ ನೋಡಬೇಕು. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಶೇ 3 ಕೊಬ್ಬು, ಶುಭಂನಲ್ಲಿ ಶೇ 4.5, ಸಮೃದ್ಧಿಯಲ್ಲಿ ಶೇ 6. ಗೊಜ್ಜಿನಲ್ಲೇ ಕೋಕೋ ಬೆಣ್ಣೆ ಇರುವುದರಿಂದ ಟೋನ್ಡ್ ಅಥವಾ ಶುಭಂ ಸಾಕು. ಶೇ 6ರ ಹಾಲಿನಲ್ಲಿ ಅರ್ಧ ಕಪ್ಪಿಗೇ ಹೊಟ್ಟೆ ತುಂಬುತ್ತದೆ, ಮೇಲೆ ಜಿಡ್ಡೂ ತೇಲುತ್ತದೆ.

ಹಾಲನ್ನು ಗಂಟೆಗಟ್ಟಲೆ ಬಿಸಿಯಾಗಿ ಹಿಡಿದಿಡುವುದು ಈ ಕೌಂಟರಿನ ನಿಜವಾದ ಕೆಲಸ. ನಮ್ಮ ಅಡುಗೆಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಸಾಧನ ಎಲೆಕ್ಟ್ರಿಕ್ ರೈಸ್ ಕುಕ್ಕರ್. ಹಾಲನ್ನು ಗ್ಯಾಸ್ ಮೇಲೆ ಒಂದು ಕುದಿ ಬರಿಸಿ, ಆಮೇಲೆ ಕುಕ್ಕರಿನ ಪಾತ್ರೆಗೆ ಸುರಿದು, ಗುಂಡಿಯನ್ನು ವಾರ್ಮ್‌ನಲ್ಲೇ ಬಿಟ್ಟು ಮುಚ್ಚಳ ಹಾಕಿ. ಅಪ್ಪಿತಪ್ಪಿಯೂ ಕುಕ್ ಗುಂಡಿ ಒತ್ತಬಾರದು: ನೀರು ಪೂರ್ತಿ ಆರಿದಾಗ ತಾನಾಗಿ ನಿಲ್ಲುವಂತೆ ಮಾಡಿದ ಯಂತ್ರ ಅದು. ಹಾಲು ಉಕ್ಕಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಉಕ್ಕಿದ ಹಾಲು ಕೆಳಗಿನ ಬಿಸಿ ತಟ್ಟೆಗೆ ಇಳಿದು ಸುಟ್ಟು ಕರಕಲಾಗುತ್ತದೆ. ಮಕ್ಕಳು ಓಡಾಡುವ ಮನೆಯಾದರೆ ಗುಂಡಿಯ ಮೇಲೆ ಅಗಲ ಟೇಪ್ ಅಂಟಿಸಿಬಿಡಿ. 1.8 ಲೀಟರಿನ ಕುಕ್ಕರಿಗೆ 1.2 ಲೀಟರ್‌ಗಿಂತ ಹೆಚ್ಚು ತುಂಬಬೇಡಿ.

ಅಡುಗೆಯ ಥರ್ಮಾಮೀಟರ್ ಒಂದಿದ್ದರೆ ಊಹಿಸುವ ಕಷ್ಟ ತಪ್ಪುತ್ತದೆ. 60 ಡಿಗ್ರಿಗಿಂತ ಕೆಳಗೆ ಬಿಟ್ಟ ಹಾಲಿನಲ್ಲಿ ಸೂಕ್ಷ್ಮಾಣುಗಳು ಬೆಳೆಯತೊಡಗುತ್ತವೆ, 80 ದಾಟಿದರೆ ಕಾದ ಹಾಲಿನ ವಾಸನೆ ಬಲಿಯುತ್ತದೆ. 68ರಿಂದ 75ರ ನಡುವೆ ಇದ್ದರೆ ಕ್ಷೇಮ. ಏರುತ್ತಿದ್ದರೆ ಮುಚ್ಚಳಕ್ಕೆ ಒಂದು ಚಮಚ ಅಡ್ಡ ಕೊಟ್ಟು ಸಂದು ಬಿಡಿ. ಸುಮಾರು 70 ಡಿಗ್ರಿ ದಾಟಿದ ಹಾಲಿನಲ್ಲಿ ಪ್ರೋಟೀನು ರೂಪ ಬದಲಿಸಿ ತಳಕ್ಕೂ ಅಂಟುತ್ತದೆ, ಕೊಬ್ಬಿನ ಜೊತೆ ಸೇರಿ ಮೇಲೆ ಕೆನೆಯೂ ಆಗುತ್ತದೆ. ಮುಚ್ಚಳವಿದ್ದು ಇಪ್ಪತ್ತು ನಿಮಿಷಕ್ಕೊಮ್ಮೆ ಸೌಟಾಡಿಸಿದರೆ ಎರಡೂ ಕಡಿಮೆ. ಪಕ್ಕದಲ್ಲಿ ಟೀ ಜಾಲರಿ ಇರಲಿ, ಕೆನೆ ಕಂಡರೆ ಮುಖ ಸಿಂಡರಿಸುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಇಡೀ ರಾತ್ರಿಯ ಹಾಲನ್ನು ಒಮ್ಮೆಲೇ ಕಾಯಿಸಿಡುವುದಕ್ಕಿಂತ ಒಂದೊಂದು ಲೀಟರಿನಂತೆ ಹೊಸದಾಗಿ ಕಾಯಿಸಿ ತುಂಬುವುದು ರುಚಿಗೆ ಒಳ್ಳೆಯದು. ಗ್ಯಾಸ್ ಮೇಲಿಡುವ ಪಾತ್ರೆ ದಪ್ಪ ತಳದ್ದಿರಲಿ. ಹಾಲು ಸುರಿಯುವ ಮುಂಚೆ ನೀರಿನಿಂದ ತೊಳೆದು, ಒರೆಸದೆ ಹಾಗೇ ಇಡಿ, ತಳ ಹಿಡಿಯುವುದು ಕಡಿಮೆಯಾಗುತ್ತದೆ.

ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಹಾಲು ಕಾಯಿಸಬೇಡಿ. ತಳದ ಕಾವು ಹಾಲಿಗೆ ಅತಿಯಾಗುತ್ತದೆ, ಒಂದೋ ಸೀಯುತ್ತದೆ, ಇಲ್ಲವೇ ಮೂತಿಯಿಂದ ಉಕ್ಕುತ್ತದೆ. ಅದು ಬಿಸಿನೀರಿಗೆ ಮಾತ್ರ. ಕರೆಂಟಿನ ಲೆಕ್ಕವೂ ನೆನಪಿರಲಿ: ಸಾಮಾನ್ಯ 6 ಆಂಪಿಯರ್ ಪಾಯಿಂಟ್ 230 ವೋಲ್ಟಿಗೆ ತಡೆಯುವುದು ಹೆಚ್ಚೆಂದರೆ 1,380 ವ್ಯಾಟ್. 700 ವ್ಯಾಟಿನ ಕುಕ್ಕರ್, 1,500 ವ್ಯಾಟಿನ ಕೆಟಲ್, ಜೊತೆಗೆ ಕ್ರಿಸ್‌ಮಸ್ ಮರದ ದೀಪದ ಸರ, ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ ಬೋರ್ಡು ಕಾಯುತ್ತದೆ. ಕೆಟಲ್ ಅಡುಗೆಮನೆಯಲ್ಲೇ ಇರಲಿ. ಕರೆಂಟು ಹೋಗುವ ಊರಾದರೆ ಒಳ್ಳೆಯ ಸ್ಟೀಲ್ ಫ್ಲಾಸ್ಕೇ ಆಸರೆ. ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ 90 ಡಿಗ್ರಿಯ ಹಾಲು ಹಾಕಿದರೆ ಎರಡು ಗಂಟೆಗೆ ಯೋಚನೆಯಿಲ್ಲ. ಒತ್ತಿದರೆ ಸುರಿಯುವ ಪಂಪಿನ ಫ್ಲಾಸ್ಕಿಗೆ ಬೆರೆಸಿದ ಚಾಕೊಲೇಟ್ ಹಾಕುವುದು ಬೇಡವೇ ಬೇಡ. ಒಳಗಿನ ಕೊಳವೆಯಲ್ಲಿ ಕೋಕೋ ಕೂತರೆ ತೊಳೆಯುವ ದಾರಿಯೇ ಇಲ್ಲ, ಮಾರನೆಯ ದಿನ ಹುಳಿ ವಾಸನೆ ಹೊಡೆಯುತ್ತದೆ. ಮದುವೆ ಮನೆಯ ನಲ್ಲಿ ಇರುವ ಟೀ ಕ್ಯಾನಿಗೂ ಇದೇ ಮಾತು.

ಕಪ್ಪಿನಲ್ಲಿ ಬೆರೆಸುವುದಕ್ಕೂ ಕ್ರಮವಿದೆ. ಮೊದಲು ಗೊಜ್ಜು, ಅದರ ಮೇಲೆ ಎರಡು ಚಮಚ ಹಾಲು ಮಾತ್ರ ಹಾಕಿ ನುಣ್ಣಗೆ ಕಲಸಿ, ಆಮೇಲೆ ಉಳಿದ ಹಾಲು. ಒಮ್ಮೆಗೇ ಹಾಲು ತುಂಬಿದರೆ ಗೊಜ್ಜು ತಳದಲ್ಲಿ ಅಂಟಿಕೊಂಡು, ಕೊನೆಯ ಗುಟುಕಿಗೆ ಮಾತ್ರ ಚಾಕೊಲೇಟ್ ಸಿಗುತ್ತದೆ. ಈ ಒಂದು ವಾಕ್ಯವನ್ನು ದೊಡ್ಡಕ್ಷರದಲ್ಲಿ ಬರೆದು ಗೊಜ್ಜಿನ ಪಕ್ಕ ನಿಲ್ಲಿಸಿದರೆ ಎಲ್ಲರೂ ಪಾಲಿಸುತ್ತಾರೆ.

ನೊರೆಗೆ ನಾವು ಬಳಸುವುದು ಕಡಗೋಲು. ಬ್ಯಾಟರಿಯ ಪುಟ್ಟ ಫ್ರಾತರ್ ಒಂದು ಕಪ್ಪಿಗೆ ಸರಿ; ನಾಲ್ಕೈದು ಕಪ್ಪು ಒಟ್ಟಿಗೆ ಬೇಕಾದಾಗ ಕಡಗೋಲಿನ ಮುಂದೆ ಅದು ಏನೂ ಅಲ್ಲ. ಮೆಕ್ಸಿಕೊದಲ್ಲಿ ಚಾಕೊಲೇಟ್ ಕಡೆಯಲು ಮೊಲಿನಿಯೊ ಎಂಬ ಮರದ ಕಡ್ಡಿಯಿದೆ, ಅದನ್ನೂ ಎರಡು ಅಂಗೈ ನಡುವೆ ಹೀಗೆಯೇ ಹೊಸೆದು ತಿರುಗಿಸುತ್ತಾರೆ. ಅಗಲ ಕಡಿಮೆಯಿರುವ ಎತ್ತರದ ಪಾತ್ರೆಗೆ ಅರ್ಧದಷ್ಟು ಮಾತ್ರ ಚಾಕೊಲೇಟ್ ಹಾಕಿ, ಕಡಗೋಲಿನ ತಲೆ ಮೇಲ್ಮೈಗಿಂತ ಒಂದಿಂಚು ಕೆಳಗಿರುವಂತೆ ಹಿಡಿದು ಅರ್ಧ ನಿಮಿಷ ಹೊಸೆಯಿರಿ. ತಳಕ್ಕೆ ಮುಟ್ಟಿಸಿದರೆ ಗಾಳಿ ಒಳಗೆ ಬರುವುದಿಲ್ಲ, ಬರೀ ಸುಳಿ ಏಳುತ್ತದೆ. ತಲೆ ಮೇಲಿದ್ದಾಗ ಮೊದಲು ದೊಡ್ಡ ಗುಳ್ಳೆಗಳು ಬಂದು ಒಡೆಯುತ್ತವೆ, ಹೊಸೆಯುತ್ತಾ ಹೋದಂತೆ ಗುಳ್ಳೆ ಸಣ್ಣದಾಗಿ, ತಿಳಿಕಂದು ಬಣ್ಣದ ದಪ್ಪ ನೊರೆ ಅಂಚಿನಿಂದ ನಡುವಿಗೆ ಮುಚ್ಚಿಕೊಂಡು ಬರುತ್ತದೆ. ಮಜ್ಜಿಗೆ ಕಡೆಯುವ ಕಡಗೋಲನ್ನೇ ತರಬೇಡಿ, ಮರದಲ್ಲಿ ಹುಳಿ ಇಳಿದಿರುತ್ತದೆ. ಹೊಸತೊಂದನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸಿ ಇದಕ್ಕೇ ಮೀಸಲಿಡಿ. ಅದೂ ಇಲ್ಲದಿದ್ದರೆ ಲೋಟ ದವರದಲ್ಲಿ ಕಾಫಿ ಎತ್ತಿ ಹುಯ್ಯುವ ಕೈಚಳಕ ಇದ್ದೇ ಇದೆ.

ಕಪ್ಪಿನ ಮೇಲೆ ಹಾಕಿಕೊಳ್ಳುವ ಪದಾರ್ಥಗಳಿಗೆ ಬರೋಣ. ಐದಕ್ಕಿಂತ ಹೆಚ್ಚು ಬೇಡ. ಹತ್ತು ಹದಿನೈದು ಬಟ್ಟಲು ಜೋಡಿಸಿದ ಮೇಜು ಫೋಟೊಕ್ಕೆ ಚೆನ್ನ, ಜನ ಅದರ ಮುಂದೆ ನಿಂತು ಯೋಚಿಸುತ್ತಾ ಹಾಲು ತಣ್ಣಗಾಗಿಸಿಕೊಳ್ಳುತ್ತಾರೆ.

ಮಾರ್ಷ್‌ಮ್ಯಾಲೊ ಕೊಳ್ಳುವಾಗ ಪೊಟ್ಟಣದ ಗುರುತು ನೋಡಿ. ಬಹುತೇಕ ಮಾರ್ಷ್‌ಮ್ಯಾಲೊದಲ್ಲಿ ಜಿಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಹಸಿರು ಚುಕ್ಕೆ ಇರುವ ಸಸ್ಯಾಹಾರಿ ಮಾರ್ಷ್‌ಮ್ಯಾಲೊಗಳೂ ಸಿಗುತ್ತವೆ. ಹಬ್ಬಕ್ಕೆ ಬರುವ ಗೆಳೆಯರಲ್ಲಿ ಸಸ್ಯಾಹಾರಿಗಳು ಇದ್ದೇ ಇರುತ್ತಾರೆ. ನಾವು ಅದನ್ನು ಮಾತ್ರ ತರುತ್ತೇವೆ, ಬಟ್ಟಲಿನ ಮುಂದೆ ಚೀಟಿಯಲ್ಲಿ ಬರೆದೂ ಇಡುತ್ತೇವೆ. ಕೇಳಲು ಸಂಕೋಚಪಟ್ಟು ಬಿಟ್ಟುಬಿಡುವವರು ಬಹಳ. ಪುಟ್ಟ ಗಾತ್ರದ್ದು ತಲೆಗೆ 10 ಗ್ರಾಂ, ಹನ್ನೆರಡು ಜನಕ್ಕೆ 120 ಗ್ರಾಂ ಸಾಕು. ಮಂಗಳೂರು, ಉಡುಪಿ, ಕಾರವಾರದ ಗಾಳಿಯಲ್ಲಿ ತೆರೆದಿಟ್ಟ ಮಾರ್ಷ್‌ಮ್ಯಾಲೊ ತೇವ ಹೀರಿ ಒಂದಕ್ಕೊಂದು ಅಂಟುತ್ತದೆ. ಒಂದು ಚಮಚ ಕಾರ್ನ್‌ಫ್ಲೋರ್ ಉದುರಿಸಿ ಅಲ್ಲಾಡಿಸಿ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು, ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಿರಬೇಕು. ಪುಡಿ ಮಾಡಿದ ಪೆಪ್ಪರ್‌ಮಿಂಟಿನದೂ ಇದೇ ಕತೆ. ಕೆಂಪು ಬಿಳಿ ಪಟ್ಟೆಯ ಕ್ಯಾಂಡಿ ಕೇನ್ ಸಿಗದಿದ್ದರೆ ಪೊಲೊ ಜಜ್ಜಿದರೂ ರುಚಿಗೆ ಕೊರತೆಯಿಲ್ಲ, ಅರ್ಧ ಟೀ ಚಮಚಕ್ಕಿಂತ ಹೆಚ್ಚು ಹಾಕಬೇಡಿ ಅಷ್ಟೆ.

ಕ್ರೀಮು ಏಳದಿರುವುದು ಎಲ್ಲರ ದೂರು. ಕಾರಣ ಸರಳ: ಫ್ರೆಶ್ ಕ್ರೀಂ ಎಂದು ಪೆಟ್ಟಿಗೆಯಲ್ಲಿ ಸಿಗುವುದರಲ್ಲಿ ಕೊಬ್ಬು ಶೇ 25ರ ಸುತ್ತಮುತ್ತ, ಕಡೆದಾಗ ಗಾಳಿಯನ್ನು ಹಿಡಿದು ನಿಲ್ಲಲು ಕಡೇಪಕ್ಷ ಶೇ 30 ಬೇಕು. ವಿಪ್ಪಿಂಗ್ ಕ್ರೀಂ ಎಂದು ಬರೆದಿರುವ ಶೇ 35ರದ್ದನ್ನು ತನ್ನಿ. 200 ಮಿಲಿ ಕಡೆದರೆ ಹೆಚ್ಚುಕಡಿಮೆ ಎರಡರಷ್ಟಾಗಿ ಹನ್ನೆರಡು ಕಪ್ಪಿಗೆ ಸಾಲುತ್ತದೆ. ಕ್ರೀಮು, ಬಟ್ಟಲು, ಬೀಟರಿನ ಕಡ್ಡಿ ಮೂರೂ ಫ್ರಿಜ್‌ನಲ್ಲಿ ತಣ್ಣಗಾಗಿರಬೇಕು. ಎತ್ತಿದರೆ ತುದಿ ಮೆಲ್ಲನೆ ಬಾಗುವ ಹದಕ್ಕೆ ನಿಲ್ಲಿಸಿ. ಅಲ್ಲಿಂದ ಮುಂದೆ ಹೋದರೆ ತರಿತರಿಯಾಗಿ ಬೆಣ್ಣೆಯ ದಾರಿ ಹಿಡಿಯುತ್ತದೆ. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ ತಂಪಿರುತ್ತದೆ, ಮಡಿಕೇರಿಯಲ್ಲಿ ಚಳಿಯೇ. ಕರಾವಳಿಯಲ್ಲಿ ಮಾತ್ರ ಬೆವರುವ ಸೆಕೆ. ಅಲ್ಲಿ ಕ್ರೀಮಿನ ಬಟ್ಟಲನ್ನು ಐಸ್ ತುಂಬಿದ ಇನ್ನೊಂದು ಪಾತ್ರೆಯೊಳಗೆ ಕೂರಿಸಿಡದಿದ್ದರೆ ಅರ್ಧ ಗಂಟೆಗೆ ನೀರಾಗುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಸಿಪ್ಪೆ ಹೆರೆಯುವ ಪೀಲರಿನಿಂದ ಹೆರೆದ ಚಾಕೊಲೇಟ್ ಸುರುಳಿ, ತಲೆಗೆ 5 ಗ್ರಾಂ. ಕಡಲೆಕಾಯಿ ಚಿಕ್ಕಿಯನ್ನು ಕುಟ್ಟಿದ ತರಿ; ಬೆಲ್ಲದ ಘಮಕ್ಕೂ ಚಾಕೊಲೇಟಿಗೂ ಒಳ್ಳೆಯ ಸ್ನೇಹ, ನಮ್ಮ ಮೇಜಿನಲ್ಲಿ ಮೊದಲು ಖಾಲಿಯಾಗುವುದೂ ಅದೇ. ಕಡಲೆಕಾಯಿ ಒಗ್ಗದವರು ಇರಬಹುದಾದ್ದರಿಂದ ಆ ಬಟ್ಟಲನ್ನು ಮೇಜಿನ ಕೊನೆಗೆ, ಅದರದೇ ಚಮಚದೊಂದಿಗೆ ಇಡಬೇಕು. ಕೊಡಗಿನ ಕಿತ್ತಳೆ ಸಿಕ್ಕರೆ ಅದರ ಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ತುರಿದಿಡಿ, ಒಳಗಿನ ಬಿಳಿ ಕಹಿ. ರಸ ಹಿಂಡಬೇಡಿ, ಹುಳಿಗೆ ಹಾಲು ಒಡೆಯುತ್ತದೆ.

ಮಸಾಲೆಯನ್ನು ಹಾಲಿಗೆ ಹಾಕಿ ಕುದಿಸುವ ಬದಲು ಕಷಾಯವಾಗಿ ಬೇರೆಯೇ ಇಡುವುದು ನಮ್ಮ ಪದ್ಧತಿ. 300 ಮಿಲಿ ನೀರಿಗೆ ಎರಡಿಂಚು ಚಕ್ಕೆ, ಆರು ಲವಂಗ, ಜಜ್ಜಿದ ನಾಲ್ಕು ಏಲಕ್ಕಿ, ಅರ್ಧ ಟೀ ಚಮಚ ಒಣಶುಂಠಿ ಪುಡಿ ಹಾಕಿ ಅರ್ಧಕ್ಕಿಳಿಸಿ ಬಟ್ಟೆಯಲ್ಲಿ ಸೋಸಿದರೆ ಆಯಿತು. ಕಪ್ಪಿಗೆ ಒಂದು ಟೀ ಚಮಚ. ಜಾಯಿಕಾಯಿಯನ್ನು ಮಾತ್ರ ಇಡಿಯಾಗಿ ಪುಟ್ಟ ತುರಿಮಣೆಯ ಜೊತೆಗಿಟ್ಟು ಕಪ್ಪಿನ ಮೇಲೆಯೇ ತುರಿದುಕೊಳ್ಳಲು ಬಿಡಿ, ಪುಡಿಯಾದರೆ ಅದರ ಪರಿಮಳ ಬೇಗ ಹಾರಿಹೋಗುತ್ತದೆ. ಖಾರ ಬೇಕಾದವರಿಗೆ ಬ್ಯಾಡಗಿ ಮೆಣಸಿನಪುಡಿ ಒಂದು ಚಿಟಿಕೆ.

ಹಸಿಶುಂಠಿಯ ವಿಷಯದಲ್ಲಿ ಎಚ್ಚರ. ಟೀಗೆ ಹಾಕುವುದಿಲ್ಲವೇ ಎಂದು ಇಲ್ಲಿಯೂ ಜಜ್ಜಿ ಹಾಲಿಗೆ ಹಾಕಿದರೆ ಕೆಡುತ್ತದೆ. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಅದು ಚುರುಕಾಗಿ ಕೆಲಸ ಮಾಡುವುದು 60ರಿಂದ 70 ಡಿಗ್ರಿಯ ಬಿಸಿಯಲ್ಲಿ, ಅಂದರೆ ನಾವು ಹಾಲನ್ನು ಗಂಟೆಗಟ್ಟಲೆ ಹಿಡಿದಿಡುವ ಬಿಸಿಯ ಆಸುಪಾಸಿನಲ್ಲೇ. ಟೀಯಲ್ಲಿ ಶುಂಠಿ ಮೊದಲು ನೀರಿನಲ್ಲಿ ಕುದಿಯುವುದರಿಂದ ಕಿಣ್ವ ಸತ್ತಿರುತ್ತದೆ. ಹಸಿಶುಂಠಿಯೇ ಬೇಕೆಂದರೆ ಕಷಾಯದ ನೀರಿನಲ್ಲಿ ಐದು ನಿಮಿಷ ಕುದಿಸಿ. ಬೆಲ್ಲವನ್ನೂ ಕುದಿಯುವ ಹಾಲಿಗೆ ಹಾಕಬಾರದು, ಕಷಾಯದಲ್ಲಿ ಕರಗಿಸಿ ಸೋಸಿಕೊಳ್ಳಿ.

ಮೇಜಿಗೆ ನಾಲ್ಕು ಅಡಿ ಉದ್ದ ಸಾಕು, ಗೋಡೆಗೆ ತಾಗಿಸಿ ಇಡಬೇಕು. ಜನ ಎಡದಿಂದ ಬಲಕ್ಕೆ ಸರಿಯುವಂತೆ ಮೊದಲು ಕಪ್ಪು, ಆಮೇಲೆ ಗೊಜ್ಜು, ಹಾಲು, ಕಷಾಯ, ಕ್ರೀಮು, ಉದುರಿಸುವ ಬಟ್ಟಲುಗಳು, ಕೊನೆಗೆ ಚಮಚ, ಕರವಸ್ತ್ರ, ಬಳಸಿದ ಚಮಚ ಹಾಕಲು ನೀರು ತುಂಬಿದ ಲೋಟ. ಕುಕ್ಕರ್ ಮೇಜಿನ ಹಿಂಬದಿಗೆ, ಅಂಚಿನಿಂದ ಒಂದಡಿ ಒಳಗೆ. ವೈರು ಗೋಡೆಯ ಕಡೆಗೆ. ಮೇಜುಬಟ್ಟೆ ಕೆಳಕ್ಕೆ ಜೋತಾಡಬಾರದು, ಮಕ್ಕಳು ಎಳೆದರೆ ಬಿಸಿ ಹಾಲು ಮೈಮೇಲೆ. ಕುಕ್ಕರಿನಡಿ ಅಂಚಿರುವ ದೊಡ್ಡ ಸ್ಟೀಲ್ ತಟ್ಟೆ ಇದ್ದರೆ ಚೆಲ್ಲಿದ್ದೆಲ್ಲ ಅದರಲ್ಲೇ ನಿಲ್ಲುತ್ತದೆ. ಬಾಲಯೇಸುವಿನ ಬೊಂಬೆಗಳನ್ನಿಡುವ ಗೋದಲಿಯ ಪಕ್ಕ ಕೌಂಟರ್ ಹೂಡಬೇಡಿ: ಒಣ ಹುಲ್ಲು, ಬಿಸಿ ಉಪಕರಣ, ದೀಪದ ವೈರು ಒಂದೆಡೆ ಇರಬಾರದು. ಇರುವೆಗೆ ಹಳೆಯ ಉಪಾಯವೇ ಸರಿ, ಚಿಕ್ಕಿ ಮತ್ತು ಪೆಪ್ಪರ್‌ಮಿಂಟಿನ ಬಟ್ಟಲುಗಳನ್ನು ನೀರಿರುವ ತಟ್ಟೆಯೊಳಗೆ ನಿಲ್ಲಿಸಿ.

ಕಪ್ಪು 180ರಿಂದ 200 ಮಿಲಿಯದ್ದಿರಲಿ, ಕ್ರೀಮಿಗೆ ಜಾಗ ಬೇಕಲ್ಲ. ಸ್ಟೀಲ್ ಲೋಟ ಕೈ, ತುಟಿ ಎರಡನ್ನೂ ಸುಡುತ್ತದೆ. ಟೀ ಅಂಗಡಿಯ ಪೇಪರ್ ಕಪ್ಪು ತೀರಾ ಚಿಕ್ಕದು. ನಿಮ್ಮ ಮನೆಯ ಸೌಟಿಗೆ ಎಷ್ಟು ಮಿಲಿ ಹಿಡಿಯುತ್ತದೆಂದು ನೀರಿನಲ್ಲಿ ಅಳೆದು, ‘ಹಾಲು 2 ಸೌಟು’ ಎಂದು ಬರೆದಿಟ್ಟರೆ ಪ್ರತಿಯೊಬ್ಬರಿಗೂ ಹೇಳುವ ಕೆಲಸ ತಪ್ಪುತ್ತದೆ.

ಹಸುವಿನ ಹಾಲು ಬೇಡದವರಿಗೆ ಓಟ್ಸ್ ಹಾಲು ಚೆನ್ನಾಗಿ ಹೊಂದುತ್ತದೆ, ಹೊತ್ತು ಕಳೆದಂತೆ ಮಂದವಾಗುವುದರಿಂದ ಆಗಾಗ ಬಿಸಿ ಮಾಡಿಕೊಡಬೇಕು. ತೆಂಗಿನ ಹಾಲಾದರೆ ಎರಡನೆಯ ಹಿಂಡಿನದನ್ನು ಕುದಿಸದೆ ಬೆಚ್ಚಗೆ ಮಾಡಿ, ಕುದಿದರೆ ಎಣ್ಣೆ ಬಿಡುತ್ತದೆ. ಗೊಜ್ಜಿನ ಚಾಕೊಲೇಟಿನಲ್ಲಿ ಹಾಲಿನ ಪುಡಿ ಇಲ್ಲವೆಂದು ಮೊದಲೇ ನೋಡಿಕೊಂಡಿರಬೇಕು.

ಜೊತೆಗೆ ತಿನ್ನಲು ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಇದ್ದೇ ಇರುತ್ತದೆ. ರೋಸ್ ಕುಕ್ಕಿಯ ಸಂದುಗಳಲ್ಲಿ ಚಾಕೊಲೇಟ್ ನಿಲ್ಲುವುದರಿಂದ ಅದ್ದಿ ತಿನ್ನಲು ಅದಕ್ಕೆ ಸಾಟಿಯಿಲ್ಲ. ಹಿಟ್ಟಿನ ಪುಟ್ಟ ಸುರುಳಿಗಳನ್ನು ಕರಿದು ಮಾಡುವ ಕಿಡಿಯೊಗಳಲ್ಲಿ ಸಕ್ಕರೆ ಪಾಕ ಹಿಡಿಸದ ಒಂದು ಪಾಲನ್ನು ಇದಕ್ಕೆಂದೇ ಎತ್ತಿಡಿ. ಖಾರದ ಚಕ್ಕುಲಿಯೂ ಇರಲಿ, ಸಿಹಿಯ ನಡುವೆ ಬಾಯಿಗೆ ಬಿಡುವು ಬೇಕು.

ಕ್ಯಾರಲ್ ತಂಡ ಬರುವ ದಿನದ ಲೆಕ್ಕ ಬೇರೆ. ಇಪ್ಪತ್ತೈದು ಜನ ಒಟ್ಟಿಗೆ ಬಂದು, ಹಾಡಿ, ಹತ್ತು ನಿಮಿಷದಲ್ಲಿ ಮುಂದಿನ ಮನೆಗೆ ಹೊರಡುತ್ತಾರೆ. ಅವರನ್ನು ಸಾಲಿನಲ್ಲಿ ನಿಲ್ಲಿಸಲಾಗದು. ಆಗ ಮೂರು ಲೀಟರ್ ಹಾಲಿಗೆ ಮೇಲಿನ ಅಳತೆಯ ಎರಡರಷ್ಟು ಗೊಜ್ಜು. ಹಾಡು ಶುರುವಾದಾಗ ಗ್ಯಾಸ್ ಹಚ್ಚಿ, ಹಾಲು ಬಿಸಿಯಾದ ಮೇಲೆ ಗೊಜ್ಜಿಗೆ ಮೊದಲು ಒಂದೆರಡು ಸೌಟು ಹಾಲು ಕಲಸಿ, ಅದನ್ನು ಇಡೀ ಪಾತ್ರೆಗೆ ಸೇರಿಸಿ ಕಡಗೋಲಿನಿಂದ ಕಡೆದರೆ ಹಾಡು ಮುಗಿಯುವ ಹೊತ್ತಿಗೆ ಜಗ್ಗಿನಿಂದ ಬಗ್ಗಿಸಿ ಕೊಡಬಹುದು. ಕ್ರೀಮು ಬೇಡ, ಮೇಲೆ ಚಾಕೊಲೇಟ್ ಸುರುಳಿ ಸಾಕು. ಇಂಥ ಹೊತ್ತಿನಲ್ಲಿ ಒಟ್ಟಿಗೆ ಬೆರೆಸಿದರೆ ತೊಂದರೆಯಿಲ್ಲ, ಕೂರುವಷ್ಟು ಪುರುಸೊತ್ತು ಕೋಕೋಗೆ ಸಿಗುವುದಿಲ್ಲ.

ರಾತ್ರಿ ಮುಗಿದ ಮೇಲೆ ಕುಕ್ಕರಿನ ಪಾತ್ರೆಗೆ ಕೂಡಲೇ ತಣ್ಣೀರು ತುಂಬಿಡಿ. ಬಿಸಿನೀರಾದರೆ ಅಂಟಿದ ಹಾಲು ಇನ್ನಷ್ಟು ಗಟ್ಟಿಯಾಗುತ್ತದೆ. ಗೊಜ್ಜಿನ ಜಿಡ್ಡಿಗೆ ಮಾತ್ರ ಬಿಸಿನೀರೇ ಬೇಕು. ಕಪ್ಪುಗಳಲ್ಲಿ ಬೆರೆತು ಉಳಿದದ್ದನ್ನು ಎತ್ತಿಡುವ ಯೋಚನೆ ಬೇಡ. ಕುಕ್ಕರಿನಲ್ಲಿ ಉಳಿದ ಹಾಲಿಗೆ ಚಾಕೊಲೇಟಾಗಲಿ ಮಸಾಲೆಯಾಗಲಿ ತಗುಲಿಲ್ಲವಲ್ಲ, ಉಗುರುಬೆಚ್ಚಗಾಗಲು ಬಿಟ್ಟು ಹೆಪ್ಪು ಹಾಕಿ. ಇಷ್ಟು ಹೊತ್ತು ಕಾದ ಹಾಲಿನ ಮೊಸರು ಎಂದಿಗಿಂತ ಗಟ್ಟಿಯಾಗಿ ಕೂರುತ್ತದೆ, ಮಧ್ಯಾಹ್ನದ ಹಬ್ಬದೂಟಕ್ಕೆ ಬರುತ್ತದೆ. ಗೊಜ್ಜು ಮತ್ತೆ ಫ್ರಿಜ್‌ಗೆ. ಬಿಸಿನೀರಿನಲ್ಲಿ ಬೆಚ್ಚಗಾಗಿ ಬಂದದ್ದಾದ್ದರಿಂದ ಎರಡು ದಿನದೊಳಗೆ ಮುಗಿಸಿ. ಪ್ಲಮ್ ಕೇಕಿನ ತುಂಡಿನ ಮೇಲೆ ಹಾಕಿಕೊಂಡರೆ ಅಷ್ಟು ದಿನವೂ ಉಳಿಯುವುದಿಲ್ಲ.